‘ಬಿಡಿ’ ಅಂದರು

ಮಾರ್ಚ್ 3, ಮಂಗಳವಾರ

ನನ್ನ ದೊಡ್ಡಪ್ಪನನ್ನು ಹೇಡಿ ಎಂದು ಬರೆದಿದ್ದಾರೆ. ಹೆಸರು ಹಾಕಿಲ್ಲ, ಅಷ್ಟೇ. ನಲವತ್ತೊಂದನೇ ದೃಶ್ಯದಲ್ಲಿ ಅವರಿಗೆ ಕೊಟ್ಟಿರುವ ಹೆಸರು ‘ಓಡುವವನು’.

ಈ ದೃಶ್ಯವನ್ನು ಇಷ್ಟು ದಿನ ಯಾರ ಕೈಗೂ ಕೊಟ್ಟಿರಲಿಲ್ಲ. ಇವತ್ತು ಮಧ್ಯಾಹ್ನ ಹಂಚಿದರು. ನಟರಿಗೆ ಮಾತು ಹೇಳಿಕೊಡುವ ಸಹಾಯಕಿ ನಾನು, ಹಾಗಾಗಿ ಮೊದಲ ಪ್ರತಿ ನನಗೇ ಬಂತು. ಲೆಫ್ಟಿನೆಂಟ್ ಕಂದಕದ ಅಂಚಿನಲ್ಲಿ ನಿಂತು, ‘ಕೊನೆಯುಸಿರಿರುವ ತನಕ ಈ ದಂಡೆ ನಮ್ಮದು, ಗುಂಡು ಹಾರಿಸಿ!’ ಎನ್ನುತ್ತಾನೆ. ಬಲಗಡೆಯ ಕಂದಕದವರು ಹಾರಿಸುತ್ತಾರೆ. ಎಡಗಡೆಯ ಕಂದಕದಿಂದ ಓಡುವವನು ಬಂದೂಕು ಬಿಸಾಕಿ ಎದ್ದು ಓಡುತ್ತಾನೆ. ಅವನನ್ನು ನೋಡಿ ಉಳಿದವರೂ ಓಡುತ್ತಾರೆ. ಕೊನೆಗೆ ಕ್ಯಾಮೆರಾ ಕೆಸರಿನಲ್ಲಿ ಬಿದ್ದ ಬಂದೂಕಿನ ಮೇಲೆ ನಿಲ್ಲಬೇಕಂತೆ.

ನದಿ ದಂಡೆಯ ಆ ಕಾದಾಟ ನಾನು ಹುಟ್ಟುವುದಕ್ಕಿಂತ ಮೊದಲಿನದು. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಒಂದು ಪ್ಯಾರಾ ಇತ್ತು. ಬಲಗಡೆಯವರು ಹೋರಾಡಿ ಮಡಿದರು ಎಂದು ಅದರಲ್ಲಿತ್ತು. ದೊಡ್ಡಪ್ಪ ಇದ್ದ ಎಡಗಡೆಯವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಬದುಕಿ ಬಂದರು, ಅದೇ ಅವರ ತಪ್ಪಾಯಿತು. ನಮ್ಮ ಬೀದಿಯಲ್ಲಿ ದೊಡ್ಡಪ್ಪನ ಬೆನ್ನ ಹಿಂದೆ ಏನಂತಾರೆ ಎಂದು ಕೇಳಿಕೊಂಡೇ ಬೆಳೆದವಳು ನಾನು.

ನಿರ್ದೇಶಕರ ಹತ್ತಿರ ಹೋದೆ.

“ಸಾರ್, ಇದು ನಿಜ ಅಂತ ಯಾರು ಹೇಳಿದ್ರು?”

“ಬಲಗಡೆಯವರು ನಿಂತ್ರು ಅಂತ ಪುಸ್ತಕ ಹೇಳತ್ತೆ. ಡ್ರಿಲ್ ತಾತ ಅಲ್ಲೇ ಇದ್ರು, ಎಡಗಡೆಯವರು ಓಡಿದ್ರು ಅಂತ ಅವರು ಹೇಳ್ತಾರೆ. ನಿನ್ನ ಹತ್ರ ಏನಿದೆ?”

ನನ್ನ ಹತ್ತಿರ ಸಿಟ್ಟು ಇತ್ತು. ದೊಡ್ಡಪ್ಪನ ವಿಷಯ ಈ ಸೆಟ್ಟಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಮಾತು ನ್ಯಾಯದ ಮಾತಾಗಿ ಉಳಿಯುವುದಿಲ್ಲ, ಮನೆ ಮಾತಾಗುತ್ತದೆ.

ಈ ನಿರ್ದೇಶಕರು ಅಂಗಿಯ ಗುಂಡಿ ಆ ಕಾಲದ್ದೇ ಬೇಕೆಂದು ಹುಡುಕಿ ತರಿಸಿದವರು. ಗುಂಡಿ ನಿಜ, ಮನುಷ್ಯ ಸುಳ್ಳು. ಇನ್ನೇನು ಬರೆಯಲಿ, ಬಿಡು.

ಮಾರ್ಚ್ 4, ಬುಧವಾರ

ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಗಣಿಯ ಪಕ್ಕ ನಮ್ಮ ದಂಡೆ. ಟ್ಯಾಂಕರಿನಲ್ಲಿ ನೀರು ತಂದು ಸುರಿದು ಕೆಸರು ಮಾಡುತ್ತಾರೆ. ಒಣಗುತ್ತದೆ, ಮತ್ತೆ ಸುರಿಯುತ್ತಾರೆ. ನಟರ ಬೆನ್ನಚೀಲಕ್ಕೆ ಹತ್ತಿ ತುಂಬಿದರೆ ನಡಿಗೆ ಸುಳ್ಳಾಗುತ್ತದೆ ಎಂದು ನಿರ್ದೇಶಕರು ಕಲ್ಲು ತುಂಬಿಸಿದ್ದಾರೆ. ಇಬ್ಬರಿಗೆ ಬೆನ್ನು ಹಿಡಿದುಕೊಂಡಿದೆ. “ಚೆನ್ನಾಗಿದೆ, ಹಾಗೇ ನಡೀರಿ” ಅಂದರು.

ಡ್ರಿಲ್ ತಾತ ನಮ್ಮ ಸೇನಾ ಸಲಹೆಗಾರ. ಬಲಗಡೆಯ ಕಂದಕದಲ್ಲಿ ಗಾಯಗೊಂಡು ಸೆರೆಸಿಕ್ಕಿ, ಯುದ್ಧ ಮುಗಿದ ಮೇಲೆ ಪದಕ ಪಡೆದವರು. ಅವರ ಎಡಗಿವಿ ಕೇಳಿಸುವುದಿಲ್ಲ. ಯಾರಾದರೂ ಎಡಗಡೆ ನಿಂತು ಮಾತಾಡಿದರೆ ಸುತ್ತು ಹೊಡೆದು ಅವರನ್ನು ಬಲಕ್ಕೆ ತಂದುಕೊಳ್ಳುತ್ತಾರೆ. ನೋಡುವವರಿಗೆ ಕುಣಿತದ ಹಾಗೆ ಕಾಣುತ್ತದೆ. ಸೇನೆಯವರು ಲಾರಿ, ಬಂದೂಕು ಎಲ್ಲ ಕೊಟ್ಟಿರುವುದು ಇವರು ‘ಸರಿಯಿದೆ’ ಅಂದರೆ ಮಾತ್ರ ಎಂಬ ಷರತ್ತಿನ ಮೇಲೆ. ಹಾಗಾಗಿ ನಿರ್ದೇಶಕರೂ ಇವರ ಎಡಕ್ಕೆ ನಿಲ್ಲುವುದಿಲ್ಲ.

ನನ್ನ ಚೀಲದಿಂದ ಕಾಗದ ಇಣುಕುತ್ತಿತ್ತು.

“ಏನಮ್ಮಾ ಕರಪತ್ರ, ಇವತ್ತು ಯಾರನ್ನ ಉರುಳಿಸ್ತೀಯ? ಸರ್ಕಾರನಾ, ಸೇನೇನಾ?”

“ಮೊದಲು ಸುಳ್ಳನ್ನ, ತಾತ.”

“ಅದು ಭಾರ ಜಾಸ್ತಿ. ಒಬ್ಬಳ ಕೈಲಾಗಲ್ಲ. ಊಟ ಮಾಡ್ಕೊಂಡು ಬಾ.”

ಎಲ್ಲರೂ ನಕ್ಕರು. ಆಗಿನಿಂದ ಎಲ್ಲರಿಗೂ ನಾನು ‘ಕರಪತ್ರ’. ಆಗಲಿ. ‘ಸಿಪಾಯಿಗೆ ಎದುರಿನವನಿಗಿಂತ ಹಿಂದಿನವನೇ ದೊಡ್ಡ ಶತ್ರು, ಏಕೆಂದರೆ ಅವನ ಕೈಯಲ್ಲಿ ಆಜ್ಞೆಯಿದೆ.’ ಮೇಲ್ಸೇತುವೆ ಕೆಳಗಿನ ಅಂಗಡಿಯಲ್ಲಿ ಸಿಕ್ಕ ಹಾಳೆಯಲ್ಲಿ ಹೀಗಿದೆ. ನಾನು ಕಾಲೇಜಿಗೆ ಹೋದದ್ದು ಒಂದೇ ವರ್ಷ. ಗೊತ್ತಿರುವುದೆಲ್ಲ ಇಂಥ ಹಾಳೆಗಳಿಂದ ಗೊತ್ತಾದದ್ದು. ಆ ಮುದುಕ ಪದಕ ತೊಟ್ಟ ಸರ್ಕಾರದ ಗಿಣಿ. ಹೇಳಿಕೊಟ್ಟದ್ದನ್ನು ಹೇಳುತ್ತದೆ, ಬಿಡಿ.

ಮಾರ್ಚ್ 7, ಶನಿವಾರ

ರಜೆ. ದೊಡ್ಡಪ್ಪ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ರೇಡಿಯೊ ಬಿಚ್ಚಿ ಕೂತಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದವರು ಇವರೇ. ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. “ಜೀವಮಾನವಿಡೀ ಮೇಲೆ ಹೋದೆ, ಕೆಳಗೆ ಬಂದೆ, ಮುಂದೆ ಮಾತ್ರ ಹೋಗ್ಲಿಲ್ಲ” ಎಂದು ತಾವೇ ತಮಾಷೆ ಮಾಡಿಕೊಳ್ಳುತ್ತಾರೆ. ಮದುವೆಯಾಗಲಿಲ್ಲ. ಹೆಣ್ಣು ಕೊಡುವವರಿಗೆ ದಂಡೆಯ ವಿಷಯ ಗೊತ್ತಾಗುತ್ತಿತ್ತಂತೆ.

“ದೊಡ್ಡಪ್ಪ, ನೀವು ಬಂದು ನಿರ್ದೇಶಕರ ಹತ್ರ ಮಾತಾಡಿ. ನಡೆದದ್ದು ನಡೆದ ಹಾಗೆ ಹೇಳಿ.”

ಅವರು ರೇಡಿಯೊದ ತಂತಿ ಊದಿದರು. “ಅಲ್ಲಿ ಹುಡುಗರಿಗೆ ಸಾಕ್ಸ್ ಒದ್ದೆ ಮಾಡಿ ಹಾಕಿಸ್ತಾರಾ?”

“ಏನು?”

“ನಿಜವಾದ ಸಿನಿಮಾ ಅಂದ್ಯಲ್ಲ. ಸಾಕ್ಸ್ ಒದ್ದೆ ಇರ್ಬೇಕು. ಯಾವಾಗ್ಲೂ.”

“ನಿಮ್ಮನ್ನ ಹೇಡಿ ಅಂತ ತೋರಿಸ್ತಾ ಇದಾರೆ ದೊಡ್ಡಪ್ಪ! ನಿಮಗೆ ಸಾಕ್ಸ್ ಚಿಂತೇನಾ?”

ಅಡುಗೆಮನೆಯಿಂದ ಅಮ್ಮ ಗದರಿದಳು. “ಭಾವನ ಮೇಲೆ ರೇಗ್ಬೇಡ.”

“ನೀನು ಸುಮ್ನೆ ಬಿಡಮ್ಮ!”

ಅಂದ ತಕ್ಷಣ ಅಮ್ಮ ಸೌಟು ಹಿಡಿದೇ ಹೊರಗೆ ಬಂದು ನನ್ನ ತೋಳು ಚಿವುಟಿದಳು. ಮರೆತಿದ್ದೆ. ನಮ್ಮ ಮನೆಯಲ್ಲಿ ಆ ಮಾತು ಆಡುವ ಹಾಗಿಲ್ಲ. ಹೋಗಲಿ ಬಿಡು, ಬಿಟ್ಟುಬಿಡು, ಬಿಡಿ ಸ್ವಾಮಿ, ಯಾವುದೂ ಇಲ್ಲ. ಅದರ ಜಾಗದಲ್ಲಿ ‘ಇರಲಿ’ ಅನ್ನಬೇಕು. ಚಿಕ್ಕಂದಿನಲ್ಲಿ ಕಾರಣ ಕೇಳಿದಾಗ “ಅಪಶಕುನ” ಅಂದಿದ್ದಳು. ಹೊರಗೆ ಕಲಿತ ಬಾಯಿ, ಒಳಗೆ ಬಂದಾಗ ತಪ್ಪುತ್ತದೆ. ಇಂಥ ಮೂಢನಂಬಿಕೆಗಳ ಮೇಲೂ ಒಂದು ಒಳ್ಳೆಯ ಹಾಳೆ ಬಂದಿದೆ. ಅಮ್ಮನಿಗೆ ಓದಿ ಹೇಳಬೇಕು.

ದೊಡ್ಡಪ್ಪ ಎದ್ದು ಒಳಗೆ ಹೋದರು. ರೇಡಿಯೊ ಬಿಚ್ಚಿದಂತೆಯೇ ಬಿದ್ದಿತ್ತು.

ಮಾರ್ಚ್ 8, ಭಾನುವಾರ

ಏನೂ ಆಗಲಿಲ್ಲ. ನಿದ್ದೆ ಮಾಡಿದೆ. ದಣಿವು ಹೋಗಲಿಲ್ಲ. ಬಿಡು.

ಮಾರ್ಚ್ 11, ಬುಧವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಬಟ್ಟೆಯೆಲ್ಲ ಕೆಸರು. ಯಾರಿಗೂ ಮಾತಾಡುವ ಶಕ್ತಿಯಿಲ್ಲ.

ಇವತ್ತು ನಲವತ್ತೊಂದರ ತಾಲೀಮು. ಶಬ್ದವನ್ನು ಆಮೇಲೆ ಸೇರಿಸುವುದು ಬೇಡ, ಇಲ್ಲೇ ನಿಜವಾಗಿ ಆಗಲಿ ಎಂದು ನಿರ್ದೇಶಕರ ಹಟ. ಮಳೆಯ ಯಂತ್ರ, ಸಿಡಿಮದ್ದು, ಖಾಲಿ ತೋಟಾ ಎಲ್ಲ ಒಟ್ಟಿಗೆ. ಹೀರೊ ಲೆಫ್ಟಿನೆಂಟ್ ವೇಷದಲ್ಲಿ ಅಂಚಿಗೆ ಹತ್ತಿ ‘ಕೊನೆಯುಸಿರಿರುವ ತನಕ’ ಎಂದು ಶುರುಮಾಡಿದ. ಬಾಯಿ ಆಡುವುದಷ್ಟೇ ಕಂಡಿತು. ನನಗೆ ಮಾತು ಬಾಯಿಪಾಠ, ಆದರೂ ಎಲ್ಲಿದ್ದಾನೆ ಎಂದು ತಿಳಿಯಲಿಲ್ಲ. ಮತ್ತೆ ಮಾಡಿದರು, ಮತ್ತೆ. ಅವನ ಗಂಟಲು ಕಟ್ಟಿತು.

“ಈ ಸಾಲು ಯಾರು ಬರೆದ್ರೋ ಅವರೇ ಬಂದು ಕೂಗ್ಲಿ” ಎಂದು ಕೆಸರಿನಲ್ಲೇ ಕೂತುಬಿಟ್ಟ.

ಡ್ರಿಲ್ ತಾತ ಛತ್ರಿಯ ಕೆಳಗಿನಿಂದ ಗೊಣಗಿದರು. “ಅಷ್ಟುದ್ದ ಯಾರೂ ಕೂಗಲ್ಲ. ಶೆಲ್ ಬೀಳ್ತಾ ಇರೋವಾಗ ಭಾಷಣ ಮಾಡ್ತಾರಾ?”

“ಮತ್ತೆ ಏನಂದ್ರು?” ನಿರ್ದೇಶಕರ ಕಿವಿ ನಿಮಿರಿತು.

“ನಮ್ಮ ಲೆಫ್ಟಿನೆಂಟ್ ಮೊದಲು ಸ್ಕೂಲ್ ಮೇಷ್ಟ್ರು. ಡ್ರಿಲ್ಲಿನ ಪದ ಎಲ್ಲ ಅವರ ಬಾಯಿಗೆ ಬರ್ತಿರ್ಲಿಲ್ಲ. ಕೈ ಬೀಸಿದ್ರು, ‘ಬಿಡಿ’ ಅಂದ್ರು. ಗುಂಡು ಬಿಡಿ ಅಂತ. ಅಷ್ಟೇ. ಒಂದೇ ಮಾತು.”

“ಬಿಡಿ!” ನಿರ್ದೇಶಕರು ತಾವೇ ಒಮ್ಮೆ ಕೂಗಿ ನೋಡಿದರು. ಮುಖ ಅರಳಿತು. “ಇದು! ಇದು ನಿಜ! ಬರ್ಕೊಳಮ್ಮ ಕರಪತ್ರ. ಹಳೇ ಸಾಲು ಹೊಡೆದು ಹಾಕು.”

ಹಳೆಯ ಸಾಲು ಹೊಡೆದು ‘ಬಿಡಿ’ ಎಂದು ಬರೆದೆ. ಬರೆದ ಮೇಲೆ ಪೆನ್ನು ಮೇಲೇಳಲಿಲ್ಲ. ನನ್ನ ತೋಳಿನಲ್ಲಿ ಅಮ್ಮ ಚಿವುಟಿದ ಗುರುತು ಇನ್ನೂ ಹಸಿರಾಗಿ ಇದೆ.

ಮಾರ್ಚ್ 12, ಗುರುವಾರ

ಬೆಳಿಗ್ಗೆ ಹೊರಡುವ ಮೊದಲು ಕೇಳಿಯೇಬಿಟ್ಟೆ. ದೊಡ್ಡಪ್ಪ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಎಲ್ಲಿಗೂ ಹೋಗುವುದಿಲ್ಲ, ಆದರೂ ದಿನವೂ ಹಾಕುತ್ತಾರೆ.

“ಲೆಫ್ಟಿನೆಂಟ್ ‘ಬಿಡಿ’ ಅಂದ್ರಂತೆ. ಹೌದಾ?”

ಬ್ರಶ್ ನಿಂತಿತು. ಅಮ್ಮ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಗದರಲಿಲ್ಲ.

“ಯಾರು ಹೇಳಿದ್ರು?”

“ಡ್ರಿಲ್ ತಾತ. ಬಲಗಡೆ ಇದ್ದವರು. ಗುಂಡು ಬಿಡಿ ಅಂತ ಹೇಳಿದ್ದಂತೆ. ಆದ್ರೆ ಜಾಗ ಬಿಡಿ ಅಂತಾನೂ ಆಗತ್ತಲ್ಲ ದೊಡ್ಡಪ್ಪ! ನೀವು ಆಜ್ಞೆ ಪಾಲಿಸಿದ್ರಿ. ಓಡಿದ್ದಲ್ಲ, ಹೊರಟಿದ್ದು! ಅವರು ಹೇಳಿದ್ದು ಜಾಗ ಬಿಡಿ ಅಂತಾನೇ, ಅಲ್ವಾ?”

ಅವರು ನಕ್ಕರು. ಅಂಥ ನಗು ನಾನು ನೋಡಿರಲಿಲ್ಲ. “ಅದನ್ನೇ ಮಗು, ನಾನೂ ಕೇಳ್ಕೊಂಡು ಕೂತಿರೋದು.”

ಆಮೇಲೆ ಹೇಳಿದರು, ಬ್ರಶ್ ನೋಡುತ್ತಾ. ಲೆಫ್ಟಿನೆಂಟ್ ಬಲಗಡೆಗೆ ತಿರುಗಿ ನಿಂತಿದ್ದರಂತೆ. ಎಡಗಡೆಯವರಿಗೆ ಕಂಡದ್ದು ಬೆನ್ನು, ಬೀಸಿದ ಕೈ. ಕೇಳಿಸಿದ್ದು ಆ ಒಂದು ಮಾತು. ಕೂಗಿದ ಮರುಕ್ಷಣ ಅವರು ಬಿದ್ದರು. ಇನ್ನೊಂದು ಮಾತು ಕೇಳಲು ಯಾರೂ ಉಳಿಯಲಿಲ್ಲ.

“ನಮಗೆ ಜಾಗ ಬಿಡಿ ಅಂದ ಹಾಗೆ ಅನ್ನಿಸ್ತು. ಕಿವಿಗೆ ಅನ್ನಿಸ್ತೋ ಕಾಲಿಗೆ ಅನ್ನಿಸ್ತೋ, ಅದು ನಂಗೆ ಗೊತ್ತಿಲ್ಲ.”

ವಿಚಾರಣೆಯಲ್ಲಿ ಇದನ್ನೇ ಹೇಳಿದರಂತೆ. ಮೇಜಿನ ಆಚೆ ಕೂತವನು, “ಬಿಡಿ ಅಂದ್ರೆ ಬಿಟ್ಟೇ ಬಂದುಬಿಡೋದಾ?” ಅಂದ. ಎಲ್ಲರೂ ನಕ್ಕರು. ಆ ನಗು ಬೀದಿಯವರೆಗೂ ಬಂತು. ಲಿಫ್ಟಿನ ಕೆಲಸಕ್ಕೆ ಸೇರಿದ ಮೇಲೂ, ಗೊತ್ತಿದ್ದವರು ತಮ್ಮ ಮಹಡಿ ಬಂದಾಗ “ಬಿಡಿ ಸಾಹೇಬ್ರೇ, ಬಿಡಿ” ಎಂದು ಇಳಿಯುತ್ತಿದ್ದರಂತೆ.

“ಹಾಗಾದ್ರೆ ಬಂದು ಹೇಳಿ! ಜಾಗ ಬಿಡಿ ಅಂತಾನೇ ಹೇಳಿದ್ದು ಅಂತ.”

“ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೆಂಗೆ ಹೇಳ್ಲಿ?”

“ಅವರೆಲ್ಲ ಹೇಳ್ತಿಲ್ವಾ?”

“ಹೇಳ್ಲಿ. ಹೊತ್ತಾಯ್ತು ನಿಂಗೆ, ಬಸ್ ತಪ್ಪತ್ತೆ.”

ದಿನವಿಡೀ ಅವರ ಮೇಲೆ ಸಿಟ್ಟು. ಒಂದೇ ಒಂದು ಸಾಲು ಹೇಳಿದ್ದರೆ ಮುಗಿಯುತ್ತಿತ್ತು. ತಮ್ಮ ಪರವಾಗಿ ಒಂದು ಸಾಲು! ಇಂಥವರನ್ನು ಹೇಗೆ ಎತ್ತಿ ನಿಲ್ಲಿಸುವುದೆಂದು ಯಾವ ಹಾಳೆಯೂ ಹೇಳುವುದಿಲ್ಲ.

ಇರಲಿ.

ಮಾರ್ಚ್ 16, ಸೋಮವಾರ

ಹೇಳಿದೆ. ನಿರ್ದೇಶಕರಿಗೆ ಎಲ್ಲ ಹೇಳಿದೆ, ದೊಡ್ಡಪ್ಪನ ವಿಷಯವೂ ಸೇರಿ. ‘ಬಿಡಿ’ ಎಂಬ ಮಾತಿಗೆ ಎರಡು ಮುಖ ಇದೆ, ಓಡುವವನನ್ನು ತೆಗೆಯಿರಿ ಅಂದೆ. ಅವರು ಕಪ್ಪಿನಲ್ಲಿದ್ದ ಚಹಾ ಮುಗಿಯುವವರೆಗೂ ಕೇಳಿದರು.

“ನೋಡಮ್ಮ, ಥಿಯೇಟರಿನಲ್ಲಿ ಕೂತವನಿಗೆ ಗೊಂದಲ ಆಗ್ಬಾರ್ದು. ಒಬ್ಬ ಓಡ್ತಾನೆ, ಒಬ್ಬ ನಿಲ್ತಾನೆ. ಅದು ಅರ್ಥ ಆಗತ್ತೆ.”

“ನಿಜ ಬೇಕು ಅಂದಿದ್ದು ನೀವೇ ಸಾರ್.”

“ನಿಂಗೆ ಬೇಕಿರೋದು ನಿಜ ಅಲ್ಲ, ನಿಮ್ಮ ದೊಡ್ಡಪ್ಪ.” ಕಪ್ಪು ಕೆಳಗಿಟ್ಟರು. “ತಪ್ಪು ಅಂತಿಲ್ಲ. ನಂಗೂ ಹಾಗೇ ಇರ್ತಿತ್ತು. ಆದ್ರೆ ಈ ದೃಶ್ಯ ಮುಗಿಯೋ ತನಕ ಸಂಭಾಷಣೆ ಹಾಳೆ ಬೇರೆಯವರು ನೋಡ್ಕೊಳ್ಲಿ.”

‘ನಿಂಗೆ ಬೇಕಿರೋದು ನಿಜ ಅಲ್ಲ’ ಎಂಬ ಮಾತು ಸಂಜೆಯವರೆಗೂ ಕಿವಿಯಲ್ಲಿತ್ತು. ದೊಡ್ಡಪ್ಪನೂ ಬೇರೆ ಪದಗಳಲ್ಲಿ ಅದನ್ನೇ ಅಲ್ಲವೇ ಹೇಳಿದ್ದು.

ನನ್ನನ್ನು ಉಡುಪಿನ ಡೇರೆಗೆ ಹಾಕಿದ್ದಾರೆ. ಬೂಟು ಜೋಡಿ ಮಾಡುವುದು, ಒಗೆದ ಸಾಕ್ಸ್ ಎಡಗಡೆ ಕಂದಕದವರಿಗೆ ಹಂಚುವುದು.

ಇವತ್ತು ಹಂಚುವ ಮೊದಲು ಒಂದು ಬಕೆಟ್ಟಿನಲ್ಲಿ ಎಲ್ಲವನ್ನೂ ಅದ್ದಿ ಕೊಟ್ಟೆ. ಬೈದರು. ಬೈಯಲಿ.

ಮಾರ್ಚ್ 19, ಗುರುವಾರ

ಆದದ್ದನ್ನು ಆದ ಹಾಗೇ ಬರೆಯಬೇಕು.

ಎಡಗಡೆಯ ಕಂದಕಕ್ಕೆ ಮೊದಲಿದ್ದ ಜೂನಿಯರ್ ಆರ್ಟಿಸ್ಟ್‌ಗಳಿಗೆ ಜ್ವರ. ಕೆಸರಿನ ಜ್ವರ, ಒಬ್ಬರಿಂದ ಒಬ್ಬರಿಗೆ ಹತ್ತಿತು. ಬೆಳಿಗ್ಗೆ ವ್ಯಾನಿನಲ್ಲಿ ಹೊಸಬರು ಬಂದರು. ನಿರ್ದೇಶಕರಿಗೆ ಇದರಿಂದ ಖುಷಿಯೇ ಆಯಿತು. “ಇವರಿಗೆ ಕಥೆ ಹೇಳ್ಬೇಡಿ. ಸಿಪಾಯಿಗೂ ಮುಂದೇನು ಅಂತ ಗೊತ್ತಿರಲ್ಲ. ಲೆಫ್ಟಿನೆಂಟ್ ಹೇಳಿದ ಹಾಗೆ ಮಾಡಿ ಅಂತಷ್ಟೇ ಹೇಳಿ.” ಓಡುವವನ ಪಾತ್ರದವನಿಗೆ ಮಾತ್ರ ಅವನ ಕೆಲಸ ಗೊತ್ತಿತ್ತು.

ನಾನು ಎಡಗಡೆಯ ಕಂದಕದ ಹಿಂಬದಿಯಲ್ಲಿ ಸಾಕ್ಸಿನ ಬಕೆಟ್ಟು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದೆ, ಕ್ಯಾಮೆರಾಗೆ ಕಾಣದಂತೆ.

ಊಟದ ಹೊತ್ತು ಮೀರಿತ್ತು. ಎಲ್ಲ ಒಟ್ಟಿಗೆ ಶುರುವಾಯಿತು, ಮಳೆ, ಸಿಡಿತ, ಹೊಗೆ. ನೆಲ ನಡುಗುವುದು ಹಲ್ಲಿನಲ್ಲಿ ಗೊತ್ತಾಗುತ್ತಿತ್ತು. ಹೀರೊ ಅಂಚಿಗೆ ಹತ್ತಿದ. ಬಲಕ್ಕೆ ತಿರುಗಿದ. ನಮಗೆ ಬೆನ್ನು ಕಂಡಿತು. ಕೈ ಬೀಸಿದ, ನಮ್ಮ ಕಡೆಯಿಂದ ನೋಡಿದರೆ ಅದು ಹಿಂದಕ್ಕೆ ಹೋಗಿ ಅನ್ನುವ ಹಾಗಿತ್ತು.

“ಬಿಡಿ!”

ಓಡುವವನು ಬಂದೂಕು ಬಿಸಾಕಬೇಕಿತ್ತು. ಅವನು ಇನ್ನೂ ಎದ್ದಿರಲಿಲ್ಲ. ಅದಕ್ಕೆ ಮೊದಲೇ ಕಂದಕ ಪೂರ್ತಿ ಎದ್ದಿತು. ಹೊಸಬರು ಬಂದೂಕು ಹೆಗಲಿಗೆ ಹಾಕಿಕೊಂಡು, ಒಬ್ಬರಿಗೊಬ್ಬರು ಕೈ ಕೊಟ್ಟು ಮೇಲೆ ಹತ್ತಿಸಿಕೊಂಡು, ಹಿಂದಕ್ಕೆ ನಡೆದರು. ಯಾರೂ ಓಡಲಿಲ್ಲ. ಆಚೆ ಬಲಗಡೆಯವರು ಒಂದೇ ಸಮ ಗುಂಡು ಹಾರಿಸುತ್ತಿದ್ದರು. ಓಡುವವನು ಒಬ್ಬನೇ ಕಂದಕದಲ್ಲಿ ಪಿಳಿಪಿಳಿ ನೋಡುತ್ತ ಉಳಿದ.

“ಕಟ್! ಕಟ್! ಎಲ್ಲಿಗ್ರೋ ಹೊರಟ್ರಿ?”

ಮುಂದಿದ್ದವನು ಹೆಲ್ಮೆಟ್ ತೆಗೆದ. “ಬಿಡಿ ಅಂದ್ರಲ್ಲ ಸಾರ್.”

“ಏನು ಬಿಡಿ ಅಂದ್ರು?”

“ಹೊತ್ತಾಗಿತ್ತಲ್ಲ... ಊಟಕ್ಕೆ ಬಿಟ್ರು ಅಂದ್ಕೊಂಡ್ವಿ.”

ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಹೀರೊ ಹೊಟ್ಟೆ ಹಿಡಿದುಕೊಂಡ. ನಿರ್ದೇಶಕರು ಟೋಪಿ ಎಸೆದು, ಆಮೇಲೆ ತಾವೂ ನಕ್ಕರು.

ಡ್ರಿಲ್ ತಾತ ನಗಲಿಲ್ಲ. ಛತ್ರಿ ಅಲ್ಲೇ ಬಿಟ್ಟು, ಕೆಸರಿನಲ್ಲಿ ಕಾಲು ಕೀಳುತ್ತ ಎಡಗಡೆಯ ಕಂದಕದವರೆಗೆ ಬಂದು, ಇಳಿದು, ಒಳಗೆ ಕೂತರು. ಅಲ್ಲಿಂದ ಹೀರೊ ನಿಂತಿದ್ದ ಜಾಗವನ್ನು ನೋಡಿದರು.

“ಇನ್ನೊಂದ್ಸಲ ಕೂಗು” ಅಂದರು.

ಹೀರೊ ಕೂಗಿದ. ಈಗ ಶಬ್ದವಿರಲಿಲ್ಲ, ಮಾತು ಸ್ಪಷ್ಟವಾಗಿತ್ತು.

“ಇನ್ನೊಂದ್ಸಲ.”

ನಗು ಒಂದೊಂದಾಗಿ ನಿಂತಿತು. ಅವರನ್ನು ಕಂದಕದಿಂದ ಮೇಲೆತ್ತಲು ಇಬ್ಬರು ಬೇಕಾದರು. ನಾನೂ ಒಂದು ಕೈ ಹಿಡಿದೆ. ಕೈ ತಣ್ಣಗಿತ್ತು.

ಇನ್ನೊಂದು ಬರೆಯಬೇಕು. ‘ಬಿಡಿ’ ಅಂದಾಗ ನಾನೂ ಎದ್ದಿದ್ದೆ. ದೃಶ್ಯ ಬಾಯಿಪಾಠ ಬರುವ ನಾನು, ಬಕೆಟ್ಟು ಹಿಡಿದುಕೊಂಡು ಅವರ ಜೊತೆ ಹಿಂದಕ್ಕೆ ಹೆಜ್ಜೆ ಹಾಕಿದ್ದೆ. ನೀರು ಕಾಲ ಮೇಲೆ ಚೆಲ್ಲಿದಾಗಲೇ ಗೊತ್ತಾದದ್ದು.

ಮಾರ್ಚ್ 20, ಶುಕ್ರವಾರ

ಸಂಜೆ ಬಸ್ಸಿನಲ್ಲಿ ತಾತ ಬಂದು ನನ್ನ ಪಕ್ಕ ಕೂತರು. ನನ್ನನ್ನು ಕಿಟಕಿಯ ಕಡೆ, ತಮ್ಮ ಬಲಕ್ಕೆ, ಸರಿಸಿದರು.

“ನಿಮ್ಮೋರೊಬ್ರು ಎಡಗಡೆ ಇದ್ರು ಅಂತ ನಿರ್ದೇಶಕ ಹೇಳಿದ. ಯಾರವರು ನಿಂಗೆ?”

“ದೊಡ್ಡಪ್ಪ.”

“ಎತ್ತರದ ಆಳಾ? ಯಾವಾಗ್ಲೂ ಸಾಕ್ಸ್ ಒಣಗಿಸ್ತಾ ಕೂತಿರ್ತಿದ್ದ?”

ಹೌದು ಎಂದು ತಲೆಯಾಡಿಸಿದೆ.

“ಎಡಗಡೆ ಕಂದಕದಲ್ಲಿ ಒಂದು ಡಬ್ಬದ ಒಲೆ ಮಾಡ್ಕೊಂಡಿದ್ದ. ಎರಡೂ ಕಡೆಯವರು ಒದ್ದೆ ಸಾಕ್ಸ್ ಅವನಿಗೇ ಕೊಡ್ತಿದ್ವಿ. ಆವತ್ತು ನನ್ನದೂ ಅವನ ಹತ್ರಾನೇ ಇತ್ತು. ಬರೀ ಕಾಲಿಗೆ ಬೂಟು ಹಾಕ್ಕೊಂಡು ಗುಂಡು ಹಾರಿಸಿದೆ. ಸೆರೆಯಲ್ಲಿದ್ದಷ್ಟು ದಿನಾನೂ ಬರಿಗಾಲೇ. ಕಳ್ಳ, ನನ್ನ ಸಾಕ್ಸ್ ತಗೊಂಡು ಹೋದ ಅಂತ ಬೈಕೋತಿದ್ದೆ. ಮೊದಮೊದಲು ಅಷ್ಟೇ. ಓಡಿಹೋದ ಅಂತ ಆಮೇಲೆ ಸೇರ್ಕೊಂಡಿದ್ದು.”

“ಯಾಕೆ ಸೇರಿಸಿದ್ರಿ?” ಬಯ್ಯಬೇಕೆಂದು ಕೇಳಲಿಲ್ಲ. ತಿಳಿಯಬೇಕಿತ್ತು.

“ಅವರು ಓಡಿದ್ರು ಅನ್ನದೇ ಇದ್ರೆ, ನಾವು ಯಾಕೆ ಕೂತಿದ್ವಿ ಅಂತ ಹೇಳ್ಬೇಕಲ್ಲಮ್ಮ. ಲೆಫ್ಟಿನೆಂಟ್ ಹೊರಡಿ ಅಂದಿದ್ದಾಗಿದ್ರೆ? ನನ್ನ ಪಕ್ಕದಲ್ಲಿದ್ದೋರು ಅಷ್ಟೂ ಜನ ಏನಕ್ಕೆ ಸತ್ರು? ತಪ್ಪು ಕೇಳಿಸ್ಕೊಂಡು ಸತ್ರು ಅಂತ ಅವರ ತಾಯಂದಿರಿಗೆ ಹೇಳ್ಲಾ?”

ಬಸ್ಸು ಒಂದು ಹಳ್ಳಕ್ಕೆ ಇಳಿದು ಹತ್ತಿತು.

“ಈ ಕಿವಿ ಹೋಗಿದ್ದೂ ಆವತ್ತೇ. ಆ ಕೂಗಿಗೆ ಮೊದಲೋ ಆಮೇಲೋ...” ಎಡಗಿವಿಯನ್ನು ಮುಟ್ಟಿಕೊಂಡರು. “ಆಮೇಲೆ ಅಂತ ಹೇಳ್ತಾ ಬಂದಿದೀನಿ.”

ನನ್ನ ಚೀಲದಲ್ಲಿ ಹಾಳೆಗಳು ಇದ್ದವು. ಸತ್ತವರ ತಾಯಂದಿರಿಗೆ ಏನು ಹೇಳಬೇಕೆಂದು ಅವುಗಳಲ್ಲಿ ಒಂದರಲ್ಲೂ ಇಲ್ಲ. ತಾತ ಇಳಿಯುವಾಗ ಅವರ ಚೀಲ ಎತ್ತಿಕೊಟ್ಟೆ.

ಮಾರ್ಚ್ 23, ಸೋಮವಾರ

ಗುರುವಾರದ ಆ ತುಣುಕನ್ನು ನಿರ್ದೇಶಕರು ಮತ್ತೆ ಮತ್ತೆ ಹಾಕಿಕೊಂಡು ನೋಡಿದ್ದಾರೆ. ಇಡೀ ಚಿತ್ರದಲ್ಲಿ ಅದೇ ಒಂದು ನಿಜವಾದ ಕ್ಷಣ ಎಂದು ಹೇಳುತ್ತ ತಿರುಗುತ್ತಿದ್ದಾರೆ. ಕೈ ಕೊಟ್ಟು ಮೇಲೆ ಹತ್ತಿಸಿಕೊಳ್ಳುವುದು, ಬಂದೂಕು ಹೆಗಲಿಗೆ ಹಾಕಿಕೊಳ್ಳುವುದು. ಹಾಗೇ ಇಟ್ಟು ಓಡುವವನನ್ನು ಕತ್ತರಿಸುತ್ತಾರಂತೆ. ಯಾರು ಸರಿ ಎಂದು ಚಿತ್ರ ಹೇಳುವುದಿಲ್ಲ. ಒಂದು ಕೂಗು, ಎರಡು ಕಂದಕ.

“ಗೊಂದಲ ಆಗಲ್ವಾ ಸಾರ್?” ಅಂದೆ.

“ಆಗ್ಲಿ ಬಿಡಮ್ಮ” ಎಂದವರು, ತಾವೇ ಆಡಿದ ಮಾತು ಕೇಳಿ ಕಣ್ಣು ಕೆಳಗಿಳಿಸಿದರು.

ಆದರೆ ತಾತ ‘ಸರಿಯಿದೆ’ ಅನ್ನಬೇಕು. ಅವರು ಅನ್ನದಿದ್ದರೆ ಸೇನೆ ಒಪ್ಪುವುದಿಲ್ಲ, ಹಳೆಯ ದೃಶ್ಯವೇ ಉಳಿಯುತ್ತದೆ. ಸೋಮವಾರ, ಮೂವತ್ತಕ್ಕೆ, ಅವರು ಉತ್ತರ ಕೊಡಬೇಕು.

ತಾತ ಕೇಳಿಸಿಕೊಂಡರು. “ನಾನೊಬ್ಬನೇ ಹೇಳೋ ವಿಷಯ ಅಲ್ಲ ಇದು. ಅವನನ್ನ ಕೇಳ್ಬೇಕು. ಬರ್ತಾನಾ?”

ಅವರು ಇದನ್ನು ಕೇಳಿದ್ದು ನನ್ನನ್ನು.

ಮಾರ್ಚ್ 24, ಮಂಗಳವಾರ

ದೊಡ್ಡಪ್ಪ ಬರುವುದಿಲ್ಲ ಅಂದರು. ಒತ್ತಾಯ ಮಾಡಲಿಲ್ಲ. ಅವರ ರೇಡಿಯೊದ ತಿರುಪುಗಳನ್ನು ಒಂದು ತಟ್ಟೆಯಲ್ಲಿ ಒಟ್ಟು ಮಾಡಿಕೊಟ್ಟೆ.

ತಾತನ ಸಾಕ್ಸಿನ ಮಾತು ಮಾತ್ರ ಹೇಳಿದೆ. ಕೇಳುತ್ತ ಒಂದು ತಿರುಪನ್ನು ಬಹಳ ಹೊತ್ತು ಬೆರಳಲ್ಲಿ ಉರುಳಿಸಿದರು.

ಇರಲಿ.

ಮಾರ್ಚ್ 26, ಗುರುವಾರ

ಮೈಯೆಲ್ಲ ನೋವು, ಜ್ವರ ನನಗೂ ಹತ್ತಿದೆ. ಮನೆಯಲ್ಲೇ ಮಲಗಿದ್ದೆ. ಮಧ್ಯಾಹ್ನ ಅಮ್ಮ ಅಂಗಡಿಗೆ ಹೊರಟಿದ್ದಳು. ದೊಡ್ಡಪ್ಪ ಬಾಗಿಲವರೆಗೆ ಹಿಂದೆ ಹೋದರು.

“ಒಂದು ಜೊತೆ ಸಾಕ್ಸ್ ತಗೊಂಡ್ಬಾಮ್ಮ. ಉಣ್ಣೇದು. ದಪ್ಪಗಿರ್ಲಿ.”

“ನಿಮ್ಮ ಅಳತೇದಾ ಭಾವ?”

“ಅಲ್ಲ. ಅವನದು ದೊಡ್ಡ ಪಾದ. ಬಾತುಕೋಳಿ ಥರ ನಡೀತಿದ್ದ.”

ಅಮ್ಮ ಚೀಲ ಹಿಡಿದು ಅಲ್ಲೇ ನಿಂತಳು. ನಾನು ಹೊದಿಕೆ ಸರಿಸಿ ಎದ್ದು ಕೂತೆ. ತಾತನ ಮನೆಗೆ ಫೋನ್ ಮಾಡಿದೆ. ಜಾಗ ಅವರೇ ಹೇಳಿದರು, ರೈಲು ನಿಲ್ದಾಣದ ಎರಡನೇ ಪ್ಲಾಟ್‌ಫಾರಂ, ಕೊನೆಯ ಬೆಂಚು. ಭಾನುವಾರ ಅಲ್ಲಿ ಹೆಚ್ಚು ರೈಲು ನಿಲ್ಲುವುದಿಲ್ಲವಂತೆ, ಶಬ್ದ ಕಡಿಮೆ. “ನನ್ನ ಬಲಕ್ಕೆ ಕೂತ್ಕೊಳ್ಳಕ್ಕೆ ಹೇಳು. ಈ ಸಲ ಸರಿಯಾಗಿ ಕೇಳಿಸ್ಕೋಬೇಕು” ಅಂದರು.

ದೊಡ್ಡಪ್ಪನಿಗೆ ಹೇಳಿದೆ.

“ಏನಂತೀರಿ ಅವರಿಗೆ?”

“ಗೊತ್ತಿಲ್ಲ ಅಂತೀನಿ. ಅವನಿಗೂ ಗೊತ್ತಿಲ್ಲ ಅಂದ್ರೆ, ಇಬ್ಬರಾದ್ವಲ್ಲ.”

“ನಾನೂ ಬರ್ಲಾ ದೊಡ್ಡಪ್ಪ? ಮೆಟ್ಟಿಲು ಜಾಸ್ತಿ ಇದೆ ಅಲ್ಲಿ.”

ಅವರು ಬೂಟಿನ ಪೆಟ್ಟಿಗೆ ಎಳೆದುಕೊಂಡರು. ಪಾಲಿಶ್ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ತಿರುಗಿಸುತ್ತಲೇ ಹೇಳಿದರು.

“ಬೇಡ ಮಗು. ನಮ್ಮಿಬ್ಬರನ್ನ ನಮ್ಮಷ್ಟಕ್ಕೆ ಬಿಡು.”

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಇಬ್ಬರೂ ಏನೂ ಕೇಳಿಸದವರ ಹಾಗೆ ಇದ್ದೆವು.

ಭಾನುವಾರ, ಇಪ್ಪತ್ತೊಂಬತ್ತು. ಬೆಳಿಗ್ಗೆ ಹತ್ತು ಗಂಟೆಗೆ.